ಹೊಗೆಯ ಜಾಡು ಹಿಡಿದ ಉಪಗ್ರಹಗಳು

ಉಪಗ್ರಹ ಚಿತ್ರಗಳ ಮೊದಲ ದಶಕಗಳಲ್ಲಿ ಕಾಳ್ಗಿಚ್ಚಿನ ಹೊಗೆ ಬಹುಮಟ್ಟಿಗೆ ಒಂದು ತೊಡಕು. ಬೆಳೆ, ಕಾಡು, ಕೆರೆಗಳ ನಕ್ಷೆ ಬರೆಯುವವರಿಗೆ ಅದು ನೆಲವನ್ನು ಮರೆಮಾಡುವ ಮಬ್ಬು, ಲೆಕ್ಕ ಹಾಕಿ ಅಳಿಸಬೇಕಾದದ್ದು. ಆ ಮಬ್ಬನ್ನೇ ಓದುವ ವಿದ್ಯೆ ಆಮೇಲೆ, ನಿಧಾನವಾಗಿ ಬೆಳೆಯಿತು.

ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಭಾರತದ ಮೊದಲ ಉಪಗ್ರಹ ಆರ್ಯಭಟ 1975ರಲ್ಲಿ ಹಾರಿತು. 1979ರ ಜೂನ್‌ನಲ್ಲಿ ಹೋದ ಭಾಸ್ಕರ-1ರಲ್ಲಿ ಟಿ.ವಿ. ಕ್ಯಾಮೆರಾಗಳಿದ್ದವು, ಅವುಗಳ ಚಿತ್ರದ ಒಂದು ಚುಕ್ಕೆಗೆ ನೆಲದ ಸುಮಾರು 1 ಕಿ.ಮೀ. ಅಗಲ. 1988ರ ಮಾರ್ಚ್ 17ರಂದು ಕಕ್ಷೆ ಸೇರಿದ ಐಆರ್‌ಎಸ್-1ಎ ಇದನ್ನು 72.5 ಮೀಟರಿಗೆ, ಇನ್ನೊಂದು ಕ್ಯಾಮೆರಾದಲ್ಲಿ ಅದರ ಅರ್ಧಕ್ಕೆ ಇಳಿಸಿತು. ಆದರೆ ಅದೇ ಜಾಗದ ಮೇಲೆ ಮತ್ತೆ ಬರಲು 22 ದಿನ ಬೇಕಿತ್ತು. ಸುಟ್ಟ ಕಾಡನ್ನು ಅಳೆಯಲು ಇಷ್ಟು ಸಾಕು. ಗಾಳಿ ಎಳೆದತ್ತ ಹೋಗುವ ಹೊಗೆಯನ್ನು ಹಿಂಬಾಲಿಸಲು ಯಾತಕ್ಕೂ ಸಾಲದು.

ಅದಕ್ಕೆ ಬೇಕಾದದ್ದು ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತು ಒಂದೇ ಕಡೆ ನೋಡುವ ಭೂಸ್ಥಿರ ಉಪಗ್ರಹ. ಭಾರತದ ಇಂಥ ಇನ್ಸಾಟ್ ಸರಣಿಯ ಉಪಗ್ರಹಗಳ ನಿಯಂತ್ರಣ ಹಾಸನದ ಮುಖ್ಯ ಕೇಂದ್ರದ ಕೈಯಲ್ಲಿದೆ. 2013ರ ಜುಲೈ 26ರಂದು ಹಾರಿದ ಇನ್ಸಾಟ್-3ಡಿ ಅರ್ಧ ಗಂಟೆಗೊಮ್ಮೆ ಚಿತ್ರ ಕಳಿಸತೊಡಗಿತು. ಬೆಂಕಿ ಮತ್ತು ಹೊಗೆಗೆ ಬೇರೆ ಬೇರೆ ನಕ್ಷೆಗಳನ್ನು ಅದರಿಂದ ತೆಗೆಯತೊಡಗಿದರು. ಬೆಂಕಿಯ ಬಿಸಿ ಹಿಡಿಯುವ ಅವರೋಹಿತ ಪಟ್ಟಿಯಲ್ಲಿ ಒಂದು ಚುಕ್ಕೆ ಸುಮಾರು 4 ಕಿ.ಮೀ. ಕನಕಪುರ ರಸ್ತೆಯ ಜರಗನಹಳ್ಳಿ, ಪಕ್ಕದ ಸಾರಕ್ಕಿ ಕೆರೆ, ಜೆ.ಪಿ. ನಗರದ ಒಂದು ದೊಡ್ಡ ಪಾಲು, ಎಲ್ಲವೂ ಅಂಥ ಒಂದೇ ಚುಕ್ಕೆಯಲ್ಲಿ ಅಡಗಬಹುದು. ಅಲ್ಲಿನ ಬೀದಿಬದಿಯ ಕಸಕ್ಕೆ ಇಟ್ಟ ಬೆಂಕಿ ಇದರ ಲೆಕ್ಕಕ್ಕೆ ಬರುವುದಿಲ್ಲ, ನೂರಾರು ಕಿ.ಮೀ. ಹರಡಿದ ಹೊಗೆಯ ಪಟ್ಟಿ ಬರುತ್ತದೆ.

ಹೊಗೆಯ ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಉದ್ದ ತರಂಗದ ಅವರೋಹಿತ ಕಿರಣಗಳನ್ನು ಬಹಳಷ್ಟು ಹಾಗೇ ಬಿಡುತ್ತವೆ. ಆದ್ದರಿಂದ ಕಣ್ಣಿಗೆ ಮುಚ್ಚಿದಂತೆ ಕಾಣುವ ತೆಳು ಹೊಗೆಯ ಅಡಿಯಲ್ಲೂ ಅವರೋಹಿತ ಚಿತ್ರದಲ್ಲಿ ಸುಟ್ಟ ನೆಲ ಕಾಣುತ್ತದೆ. ದಟ್ಟ ಮೋಡ ಇಂಥ ಉಪಕಾರ ಮಾಡುವುದಿಲ್ಲ.

ಭಾರತೀಯ ಅರಣ್ಯ ಸಮೀಕ್ಷೆ 2004ರಿಂದ ಮೋಡಿಸ್ ಸಂವೇದಕದ ನೆರವಿನಿಂದ ರಾಜ್ಯಗಳಿಗೆ ಬೆಂಕಿಯ ಸೂಚನೆ ಕೊಡುತ್ತಿದೆ. ನಂತರ ಸೇರಿದ ವಿಐಐಆರ್‌ಎಸ್‌ನ ಚುಕ್ಕೆ 375 ಮೀ. ಆದರೂ ಈ ಸಂವೇದಕವನ್ನು ಹೊತ್ತ ಉಪಗ್ರಹಗಳು ಮೇಲೆ ಹಾಯುವುದು ನಡುಹಗಲಿಗೆ ಮತ್ತು ನಡುರಾತ್ರಿಗೆ ಹತ್ತಿರ. ಸಂಜೆ ಹೊತ್ತಿದ ಬೆಂಕಿಯನ್ನು ಬೆಟ್ಟದ ಮೇಲಿನ ವಾಚರ್ ಎಷ್ಟೋ ಮೊದಲೇ ಕಾಣಬಲ್ಲ.

2019ರ ಫೆಬ್ರವರಿಯ ಬಂಡೀಪುರದ ಬೆಂಕಿ ಈ ವ್ಯವಸ್ಥೆಗೆ ದೊಡ್ಡ ಪರೀಕ್ಷೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತ ಒಣ ಹುಲ್ಲು, ಲಂಟಾನ ಪೊದೆಗಳು ಉರಿದವು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳಿಂದ ಸುಟ್ಟ ಪ್ರದೇಶವನ್ನು 10,920 ಎಕರೆ ಎಂದು ಅಂದಾಜಿಸಿತು. ಸುದ್ದಿಯಾದದ್ದು ಈ ಎಕರೆ ಲೆಕ್ಕ. ಹೊಗೆಗೆ ಅಷ್ಟು ಗಮನ ಸಿಗಲಿಲ್ಲ.

ಮೇಲಿನಿಂದ ತೆಗೆದ ಚಿತ್ರಕ್ಕೆ ಇನ್ನೊಂದು ಕೊರತೆಯಿದೆ. ಹೊಗೆ ಎಲ್ಲಿದೆ ಎಂದು ಅದು ಹೇಳುತ್ತದೆ, ಎಷ್ಟು ಎತ್ತರದಲ್ಲಿದೆ ಎಂದು ಸುಲಭವಾಗಿ ಹೇಳುವುದಿಲ್ಲ. ಉಸಿರಾಡುವವರಿಗೆ ಬೇಕಾದದ್ದು ಇದೇ. 2006ರಲ್ಲಿ ಹಾರಿದ ಕ್ಯಾಲಿಪ್ಸೊ ಲೇಸರ್ ಕಿರಣದಿಂದ ಈ ಎತ್ತರವನ್ನು ಅಳೆಯಿತು. 2023ರಲ್ಲಿ ಅದರ ಕೆಲಸ ಮುಗಿಯಿತು. ಮರುವರ್ಷ ಯುರೋಪ್ ಮತ್ತು ಜಪಾನ್ ಸೇರಿ ಹಾರಿಸಿದ ಅರ್ತ್‌ಕೇರ್ ಉಪಗ್ರಹದಲ್ಲೂ ಅಂಥದೇ ಲೇಸರ್ ಉಪಕರಣವಿದೆ.