ಸಿಂಗಪುರದ ಆಯಾಗಳ ಭಾನುವಾರ

ಸಿಂಗಪುರದಲ್ಲಿ ಮಗು ನೋಡಿಕೊಂಡು ಮಾಲೀಕರ ಮನೆಯಲ್ಲೇ ಉಳಿಯುವ ಹೆಂಗಸರಿಗೆ ವಾರಕ್ಕೊಂದು ರಜೆ ಕಾನೂನಿನ ಹಕ್ಕಾದದ್ದು 2013ರ ಜನವರಿ 1ರಂದು. ಕಾರ್ಖಾನೆ, ಅಂಗಡಿಗಳ ಕೆಲಸಗಾರರಿಗೆ ಆ ಹಕ್ಕು 1968ರ ಉದ್ಯೋಗ ಕಾಯ್ದೆಯಿಂದಲೇ ಸಿಕ್ಕಿತ್ತು. ಅದೇ ಕಾಯ್ದೆ ಮನೆಗೆಲಸದವರನ್ನು ಹೊರಗಿಟ್ಟಿತ್ತು. ಹೀಗಾಗಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ರಜೆಯ ವಿಷಯ ಆಯಾ ಮತ್ತು ಮಗುವಿನ ತಂದೆತಾಯಿಯ ನಡುವಿನ ಚೌಕಾಸಿಯಾಗಿಯೇ ಉಳಿಯಿತು. ಅದರಲ್ಲಿ ದಣಿವಿನ ಮಾತಿಗಿಂತ ದೊಡ್ಡದಾಗಿ ನಿಂತದ್ದು, ಮನೆಯಾಚೆ ಆಕೆ ಏನು ಮಾಡುತ್ತಾಳೆ ಎಂಬುದಕ್ಕೆ ಹೊಣೆ ಯಾರು ಎಂಬ ಪ್ರಶ್ನೆ.

ಎರಡನೆಯ ಮಹಾಯುದ್ಧಕ್ಕೆ ಮೊದಲು ಅಲ್ಲಿನ ಅನುಕೂಲಸ್ಥರ ಮಕ್ಕಳನ್ನು ಬೆಳೆಸಿದವರಲ್ಲಿ ಚೀನಾದಿಂದ ಬಂದ ‘ಅಮಾ’ಗಳು ಹೆಸರಾದವರು. ಇವರಲ್ಲಿ ಅನೇಕರು ಗುವಾಂಗ್‌ಡಾಂಗ್ ಪ್ರಾಂತ್ಯದ ಶುಂಡೆ ಸೀಮೆಯವರು. 1930ರ ದಶಕದಲ್ಲಿ ಅಲ್ಲಿನ ರೇಷ್ಮೆ ಉದ್ಯಮ ಕುಸಿದಾಗ ಕೆಲಸ ಹುಡುಕಿ ಹಡಗು ಹತ್ತಿದವರು. ಸಿಂಗಪುರದಲ್ಲಿ 1933ರ ಕಾನೂನು ಚೀನೀ ಗಂಡಸರ ವಲಸೆಗೆ ಮಿತಿ ಹಾಕಿತ್ತು; ಹೆಂಗಸರಿಗೆ ಆಗ ಆ ತಡೆ ಇರಲಿಲ್ಲ. ಬಿಳಿ ಮೇಲಂಗಿ, ಕಪ್ಪು ಪೈಜಾಮ ಇವರ ಗುರುತು. ಮದುವೆಯಾಗುವುದಿಲ್ಲವೆಂದು ವ್ರತ ತೊಟ್ಟು ತಲೆಗೂದಲನ್ನು ಮೇಲೆ ಕಟ್ಟಿಕೊಂಡವರೂ ಇದ್ದರು. ವಾರದ ರಜೆ ಎಂಬ ಕಟ್ಟುಪಾಡು ಇವರಿಗೂ ಇರಲಿಲ್ಲ. ಆದರೆ ಕೆಲವರು ಕೂಡಿ ಚೈನಾಟೌನಿನಲ್ಲೊಂದು ಕೋಣೆ ಬಾಡಿಗೆಗೆ ಹಿಡಿಯುತ್ತಿದ್ದರು. ಪೆಟ್ಟಿಗೆ, ಬಟ್ಟೆಬರೆ ಅಲ್ಲಿರುತ್ತಿದ್ದವು. ಹಬ್ಬಕ್ಕೆ, ಬಿಡುವಿಗೆ, ಕೆಲಸ ಬಿಟ್ಟಾಗ ಅಲ್ಲಿಗೇ ಹೋಗುತ್ತಿದ್ದರು. ಹೋಗಿ ಸೇರಲು ತಮ್ಮದೇ ಜಾಗವಿದ್ದವರಿಗೆ ಒಡತಿಯ ಜೊತೆ ಹೊಂದದಿದ್ದರೆ ಮನೆ ಬಿಡುವ ಧೈರ್ಯವೂ ಇತ್ತು.

1949ರ ನಂತರ ಚೀನಾದಿಂದ ಹೊಸಬರು ಬರುವುದು ನಿಂತಿತು, ಇದ್ದವರಿಗೆ ವಯಸ್ಸಾಯಿತು. ಸ್ವತಂತ್ರ ಸಿಂಗಪುರದಲ್ಲಿ ಕಾರ್ಖಾನೆಗಳು ಹೆಚ್ಚಿದಂತೆ ಸ್ಥಳೀಯ ಹೆಂಗಸರು ಅಲ್ಲಿನ ಕೆಲಸಕ್ಕೆ ನಡೆದರು. ಅವರ ಮಕ್ಕಳನ್ನು ನೋಡಿಕೊಳ್ಳುವವರು ಬೇಕಾದರು. 1978ರಲ್ಲಿ ಸರ್ಕಾರ ವಿದೇಶಿ ಮನೆಗೆಲಸದವರನ್ನು ಕರೆಸಿಕೊಳ್ಳುವ ಯೋಜನೆ ತಂದಿತು. ಫಿಲಿಪೀನ್ಸ್, ಇಂಡೋನೇಷ್ಯಾ, ಶ್ರೀಲಂಕಾ, ಭಾರತ, ಮುಂದೆ ಮ್ಯಾನ್ಮಾರ್‌ನಿಂದ ಹೆಂಗಸರು ಬಂದರು. ಮೊದಲು ಕೆಲವೇ ಸಾವಿರದಷ್ಟಿದ್ದ ಅವರ ಸಂಖ್ಯೆ 2012ರ ಹೊತ್ತಿಗೆ ಎರಡು ಲಕ್ಷ ದಾಟಿತ್ತು.

ಇವರು ಅಮಾಗಳಂತೆ ಕೋಣೆ ಹಿಡಿಯುವಂತಿರಲಿಲ್ಲ. ಮಾಲೀಕರ ಮನೆಯಲ್ಲೇ ಇರಬೇಕೆಂಬುದು ವರ್ಕ್ ಪರ್ಮಿಟ್ಟಿನ ಷರತ್ತು. ಬಸಿರಾದರೆ ಪರ್ಮಿಟ್ ರದ್ದಾಗಿ ಊರಿಗೆ ವಾಪಸ್ಸು. ಅದಕ್ಕಾಗಿಯೇ ಆರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ. ಮಾಲೀಕರು ಸರ್ಕಾರಕ್ಕೆ ತಿಂಗಳು ತಿಂಗಳು ಲೆವಿ ಕಟ್ಟುವುದಲ್ಲದೆ 5,000 ಸಿಂಗಪುರ ಡಾಲರಿನ ಜಾಮೀನನ್ನೂ ಕೊಡಬೇಕಿತ್ತು. ಆಯಾ ನಾಪತ್ತೆಯಾದರೆ ಅಥವಾ ಷರತ್ತು ಮುರಿದರೆ ಆ ಹಣ ಮುಟ್ಟುಗೋಲಾಗುವ ಭಯ. ವಲಸೆಯ ಮೇಲೆ ಕಣ್ಣಿಡುವ ಸರ್ಕಾರದ ಕೆಲಸದಲ್ಲಿ ಒಂದು ಪಾಲು ಹೀಗೆ ಮನೆಯೊಡತಿಯ ಹೆಗಲಿಗೆ ಬಿತ್ತು. ಬಾಗಿಲು ದಾಟದ ಆಯಾ ತಪ್ಪಿಸಿಕೊಳ್ಳುವುದೂ ಇಲ್ಲ, ಬಸಿರಾಗುವುದೂ ಇಲ್ಲ ಎಂಬ ಲೆಕ್ಕಾಚಾರ ಹುಟ್ಟಿದ್ದು ಇಲ್ಲಿಂದ. ‘ಕೆಟ್ಟ ಸಹವಾಸಕ್ಕೆ ಬೀಳುತ್ತಾಳೆ’ ಎಂಬುದು ರಜೆ ನಿರಾಕರಿಸುವವರ ಬಾಯಲ್ಲಿ ಹೆಚ್ಚಾಗಿ ಬರುತ್ತಿದ್ದ ಕಾರಣ.

ತಂದೆತಾಯಿಯ ಕಷ್ಟವೂ ಸುಳ್ಳಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ, ಒಬ್ಬರು ಆಸ್ಪತ್ರೆಯಲ್ಲೋ ಹೋಟೆಲಿನಲ್ಲೋ ಪಾಳಿಯ ಮೇಲಿದ್ದರೆ, ಶಿಶುಪಾಲನಾ ಕೇಂದ್ರ ಮುಚ್ಚಿರುವ ಭಾನುವಾರ ಕೂಸನ್ನು ಯಾರ ಕೈಗೆ ಕೊಡಬೇಕು? ಆಯಾಳ ಪಾಲಿಗಾದರೆ ದಿನಕ್ಕೆ ಮೊದಲು ಕೊನೆ ಎಂಬುದೇ ಇರಲಿಲ್ಲ. ಇಕ್ಕಟ್ಟಿನ ಫ್ಲ್ಯಾಟುಗಳಲ್ಲಿ ಆಕೆಯ ಹಾಸಿಗೆ ಎಷ್ಟೋ ಸಲ ಮಗುವಿನ ಕೋಣೆಯಲ್ಲೇ. ರಾತ್ರಿ ಕೂಸು ಅತ್ತರೆ ಏಳುವವಳು ಅವಳೇ. ರಜೆ ಕೊಟ್ಟ ಮನೆಗಳಲ್ಲೂ ಅದು ಪೂರ್ತಿ ದಿನವಾಗುತ್ತಿದ್ದದ್ದು ಅಪರೂಪ. ಬೆಳಗ್ಗೆ ತಿಂಡಿ ಮಾಡಿ, ಮಗುವಿಗೆ ಸ್ನಾನ ಮಾಡಿಸಿ, ಬಟ್ಟೆ ಒಣಹಾಕಿ ಹೊರಡಬೇಕು. ಸಂಜೆ ಅಡುಗೆ ಹೊತ್ತಿಗೆ ಮರಳಬೇಕು. ಮರಳಿದಾಗ ಇಡೀ ದಿನದ ಎಂಜಲು ಪಾತ್ರೆ ಸಿಂಕಿನಲ್ಲಿ ಕಾದಿರುತ್ತಿತ್ತು. ಎಷ್ಟು ಗಂಟೆಗೆ ಬಂದಳು, ಯಾರ ಜೊತೆ ಇದ್ದಳು ಎಂಬ ವಿಚಾರಣೆ ಬೇರೆ.

ರಜೆ ಕೇಳಲು ಅಡ್ಡಿಯಾದ ಇನ್ನೊಂದು ಸಂಗತಿ ಸಾಲ. ಪ್ರಯಾಣ, ತರಬೇತಿ, ಏಜೆನ್ಸಿ ಶುಲ್ಕವೆಂದು ಹೊಸದಾಗಿ ಬಂದವಳ ಮೊದಲ ಆರೇಳು ತಿಂಗಳ ಸಂಬಳ ಅದಕ್ಕೇ ವಜಾ ಆಗುತ್ತಿತ್ತು. ಸಾಲ ತೀರುವವರೆಗೆ ರಜೆ ಇಲ್ಲವೆಂಬುದು ಹಲವು ಕರಾರುಗಳಲ್ಲಿ ಮೊದಲೇ ಬರೆದಿರುತ್ತಿದ್ದ ಮಾತು. ರಜೆ ಬಿಟ್ಟದ್ದಕ್ಕೆ ಹಣ ಕೊಡುವ ಮನೆಗಳಲ್ಲೂ ಲೆಕ್ಕ ಚಿಕ್ಕದು: ತಿಂಗಳಿಗೆ 450 ಡಾಲರ್ ಸಂಬಳವಿದ್ದರೆ, ಅದನ್ನು 26 ದಿನಕ್ಕೆ ಹಂಚಿದಾಗ ಒಂದು ಭಾನುವಾರದ ಬೆಲೆ ಸುಮಾರು 17 ಡಾಲರ್. ಊರಿನಲ್ಲಿ ತನ್ನ ಮಕ್ಕಳ ಶಾಲೆಯ ಖರ್ಚು ಹೊತ್ತವಳಿಗೆ ಅದೂ ಬಿಡುವಂಥದ್ದಲ್ಲ. ‘ಅವಳಿಗೇ ರಜೆ ಬೇಡವಂತೆ’ ಎಂದು ಮಾಲೀಕರು ಹೇಳುತ್ತಿದ್ದ ಮಾತಿನ ಹಿಂದೆ ಈ ಲೆಕ್ಕವೂ ಇರುತ್ತಿತ್ತು.

ಹಾಂಗ್‌ಕಾಂಗ್ ಬೇರೆ ದಾರಿ ಹಿಡಿದಿತ್ತು. ಅಲ್ಲಿನ ಉದ್ಯೋಗ ಕಾನೂನು ಮನೆಗೆಲಸದವರಿಗೂ ಅನ್ವಯಿಸುತ್ತದೆ. ಪ್ರತಿ ಏಳು ದಿನಕ್ಕೊಮ್ಮೆ ಸತತ 24 ಗಂಟೆಯ ಬಿಡುವು ಕೊಡಲೇಬೇಕು. ಅದರ ಬದಲು ಹಣ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಹಾಗಾಗಿ ಅಲ್ಲಿ ಜಗಳ ಮನೆಯೊಳಗಿಂದ ಬೀದಿಗೂ ಬಂತು. 1980ರ ದಶಕದಿಂದ ಭಾನುವಾರಗಳಂದು ನಗರದ ಹೃದಯಭಾಗದ ಚೇಟರ್ ರಸ್ತೆಯಲ್ಲಿ ವಾಹನ ನಿಲ್ಲಿಸಿ ನಡೆಯುವವರಿಗೆ ಬಿಡಲಾಯಿತು. ಫಿಲಿಪೀನ್ಸಿನ ಸಾವಿರಾರು ಹೆಂಗಸರು ಅಲ್ಲಿ, ಪಕ್ಕದ ಸ್ಟ್ಯಾಚ್ಯೂ ಸ್ಕ್ವೇರಿನಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚತೊಡಗಿದರು. 1992ರಲ್ಲಿ ವ್ಯಾಪಾರಸ್ಥರು ರಸ್ತೆಯನ್ನು ಮತ್ತೆ ವಾಹನಗಳಿಗೆ ತೆರೆಯಬೇಕೆಂದಾಗ ದೊಡ್ಡ ವಿವಾದವೆದ್ದಿತು. ಹೆಂಗಸರು ಜಾಗ ಬಿಡಲಿಲ್ಲ.

ಸಿಂಗಪುರದಲ್ಲಿ ಗಾಳಿ ತಿರುಗಲು ಒಂದು ಸಾವು ಬೇಕಾಯಿತು. 2001ರಲ್ಲಿ ಇಂಡೋನೇಷ್ಯಾದ ಎಳೆಯ ಕೆಲಸದಾಕೆಯೊಬ್ಬಳು ಮಾಲೀಕನ ಹಿಂಸೆಗೆ ಬಲಿಯಾದಳು. ಆ ಪ್ರಕರಣದಿಂದ ಕಳವಳಗೊಂಡ ನಾಗರಿಕರು ಕಟ್ಟಿದ ಗುಂಪು 2004ರಲ್ಲಿ ‘ಟ್ರಾನ್ಸಿಯಂಟ್ ವರ್ಕರ್ಸ್ ಕೌಂಟ್ ಟೂ’ ಎಂಬ ಸಂಸ್ಥೆಯಾಯಿತು. ಅದೇ ವರ್ಷ ‘ಹೋಮ್’ ಎಂಬ ಇನ್ನೊಂದು ಸಂಸ್ಥೆಯೂ ಹುಟ್ಟಿತು. 2006ರಲ್ಲಿ ಏಜೆನ್ಸಿಗಳಿಗಾಗಿ ರೂಪಿಸಿದ ಮಾದರಿ ಕರಾರಿನಲ್ಲಿ ತಿಂಗಳಿಗೊಂದು ರಜೆ ಅಥವಾ ಅದಕ್ಕೆ ಹಣ ಎಂಬ ಮಾತು ಸೇರಿತು. 2008ರಲ್ಲಿ ಈ ಎರಡು ಸಂಸ್ಥೆಗಳು ವಿಶ್ವಸಂಸ್ಥೆಯ ಮಹಿಳಾ ನಿಧಿಯ ಸ್ಥಳೀಯ ಘಟಕವಾದ ಯುನಿಫೆಮ್ ಸಿಂಗಪುರದ ಜೊತೆಗೂಡಿ ‘ಡೇ ಆಫ್’ ಹೆಸರಿನ ಆಂದೋಲನ ನಡೆಸಿದವು. ಆಯಾಳ ನಡತೆಗೆ ಮಾಲೀಕರನ್ನು ಹೊಣೆ ಮಾಡುವ ಜಾಮೀನಿನ ಷರತ್ತನ್ನು ಸರ್ಕಾರ 2010ರಲ್ಲಿ ಸಡಿಲಿಸಿತು. ರಜೆ ಕೊಡದಿರಲು ಇದ್ದ ಮುಖ್ಯ ನೆಪ ಅಲ್ಲಿಗೆ ಬಲ ಕಳೆದುಕೊಂಡಿತು.

2011ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ 189ನೇ ಒಡಂಬಡಿಕೆಯಲ್ಲಿ ಮನೆಗೆಲಸದವರಿಗೆ ವಾರಕ್ಕೆ ಸತತ 24 ಗಂಟೆಯ ಬಿಡುವನ್ನು ಹಕ್ಕೆಂದು ಒಪ್ಪಿತು. ಸಿಂಗಪುರ ಮತದಾನದಲ್ಲಿ ತಟಸ್ಥವಾಗಿ ಉಳಿಯಿತು. ಭಾರತ ಪರವಾಗಿ ಮತ ಹಾಕಿದರೂ ಒಡಂಬಡಿಕೆಯನ್ನು ಅನುಮೋದಿಸಿಲ್ಲ. ಕರ್ನಾಟಕ ಮಾತ್ರ ಅದಕ್ಕೂ ಮುಂಚೆ, 2004ರಲ್ಲೇ, ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿತ್ತು.

ಒಡಂಬಡಿಕೆಗೆ ಸೇರದ ಸಿಂಗಪುರ 2012ರ ಮಾರ್ಚ್‌ನಲ್ಲಿ ತನ್ನದೇ ನಿಯಮ ಪ್ರಕಟಿಸಿತು. 2013ರ ಜನವರಿಯಿಂದ ಹೊಸದಾಗಿ ಪಡೆದ ಅಥವಾ ನವೀಕರಿಸಿದ ಪ್ರತಿ ಪರ್ಮಿಟ್ಟಿಗೂ ವಾರದ ರಜೆ ಕಡ್ಡಾಯವಾಯಿತು. ಯಾವ ದಿನ ಎಂಬುದನ್ನು ಇಬ್ಬರೂ ಕೂಡಿ ನಿರ್ಧರಿಸಬೇಕು. ಆಕೆ ಒಪ್ಪಿ ಕೆಲಸ ಮಾಡಿದರೆ ಕನಿಷ್ಠ ಒಂದು ದಿನದ ಸಂಬಳ ಹೆಚ್ಚಿಗೆ ಕೊಡಬೇಕು, ಇಲ್ಲವೇ ಅದೇ ತಿಂಗಳಲ್ಲಿ ಬೇರೆ ದಿನ ಬಿಡಬೇಕು. ಭಾನುವಾರಗಳಂದು ಆರ್ಚರ್ಡ್ ರಸ್ತೆಯ ಲಕ್ಕಿ ಪ್ಲಾಜಾದಲ್ಲಿ ಫಿಲಿಪೀನ್ಸಿನವರು, ಪೆನಿನ್ಸುಲಾ ಪ್ಲಾಜಾದಲ್ಲಿ ಮ್ಯಾನ್ಮಾರಿನವರು ಸೇರುವುದು, ಊರಿಗೆ ಹಣ ಕಳಿಸುವುದು ನಗರದ ವಾಡಿಕೆಯೇ ಆಗಿದೆ.

ಆದರೂ ‘ಒಪ್ಪಿದರೆ’ ಎಂಬ ಪದ ಕಾನೂನಿನ ಸಡಿಲ ಗಂಟಾಯಿತು. ಕೆಲಸ, ಪರ್ಮಿಟ್, ವಸತಿ ಮೂರೂ ಒಬ್ಬರ ಕೈಯಲ್ಲಿರುವಾಗ ಬೇಡವೆನ್ನುವುದು ಸುಲಭವಲ್ಲ. ನಾಲ್ಕೂ ಭಾನುವಾರಗಳನ್ನು ಹಣಕ್ಕೆ ಬಿಟ್ಟುಕೊಟ್ಟವರಿದ್ದರು. 2023ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ತಿಂಗಳಿಗೆ ಕನಿಷ್ಠ ಒಂದು ರಜೆಯನ್ನು ಹಣಕ್ಕೆ ಬದಲಾಯಿಸುವಂತಿಲ್ಲ. ಉಳಿದ ರಜೆಗಳು ಇಂದಿಗೂ ಆಯಾ ಮತ್ತು ಮನೆಯವರ ನಡುವಿನ ಮಾತುಕತೆಗೆ ಬಿಟ್ಟವು.