ಲಿಪಿಯ ಏಕರೂಪವೂ ಲೇಖಕನ ಸ್ವಾತಂತ್ರ್ಯವೂ

ಚಿತ್ರದುರ್ಗದ ಸೀಮೆಗೆ ಸೇರಿದ ಬ್ರಹ್ಮಗಿರಿಯ ಅಶೋಕಶಾಸನವು ೧೮೯೨ರಲ್ಲಿ ಬಿ. ಎಲ್. ರೈಸ್ ಮಹಾಶಯರಿಂದ ಬೆಳಕಿಗೆ ಬಂದಿತು. ಚಕ್ರವರ್ತಿಯ ಆಜ್ಞೆಯು ಅದರಲ್ಲಿ ಬ್ರಾಹ್ಮೀಲಿಪಿಯಿಂದ ಕೆತ್ತಲ್ಪಟ್ಟಿದೆ. ಆದರೆ ಅದನ್ನು ಬರೆದ ಚಪಡನೆಂಬವನು 'ಲಿಪಿಕಾರ'ನೆಂಬ ತನ್ನ ವೃತ್ತಿನಾಮವನ್ನು ಮಾತ್ರ ವಾಯವ್ಯದೇಶದ ಖರೋಷ್ಠಿಯಲ್ಲಿ, ಬಲದಿಂದೆಡಕ್ಕೆ ಬರೆದಿರುವನು. ಹತ್ತು ಮಂದಿಗೆ ಸಲ್ಲಬೇಕಾದ ಮರ್ಯಾದೆಗೂ ಒಬ್ಬನ ಇಷ್ಟಕ್ಕೂ ಇರುವ ಈ ಸಂಬಂಧವು ಗಣಕಯಂತ್ರಗಳ ಚರಿತ್ರೆಯಲ್ಲಿಯೂ ವಿಚಾರಾರ್ಹವಾಗಿದೆ.

ಯಂತ್ರವನ್ನು ನಡೆಸುವ ಮೂಲತಂತ್ರಾಂಶವು ಸರ್ವರಿಗೂ ತೆರೆದಿರಬೇಕೆಂದು ರಿಚರ್ಡ್ ಸ್ಟಾಲ್ಮನ್ನರು ೧೯೮೩ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸರು ಲಿನಕ್ಸನ್ನು ರಚಿಸಿದರು. ಅದನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದಾದುದರಿಂದ, ೧೯೯೩ರ ಡೆಬಿಯನ್ ಮೊದಲಾದ ಅನೇಕ ಶಾಖೆಗಳು ಹೊರಟುವು. ಒಂದರಲ್ಲಿ ನಡೆಯುವ ತಂತ್ರಾಂಶವು ಮತ್ತೊಂದರಲ್ಲಿ ನಡೆಯದೆಂಬ ತೊಡಕು ತೋರಲು, ಅವುಗಳಿಗೆ ಸಮಾನನಿಯಮಗಳನ್ನು ವಿಧಿಸುವ ಲಿನಕ್ಸ್ ಸ್ಟ್ಯಾಂಡರ್ಡ್ ಬೇಸಿನ ಮೊದಲ ಆವೃತ್ತಿಯು ೨೦೦೧ರಲ್ಲಿ ಹೊರಬಂದಿತು. ಆದರೂ ಡೆಬಿಯನ್ ಮಂಡಲಿಯು ೨೦೧೫ರಲ್ಲಿ ಆ ನಿಯಮಾವಳಿಯನ್ನು ಬಹುಮಟ್ಟಿಗೆ ಕೈಬಿಟ್ಟಿತು. ಬಳಕೆಯಲ್ಲಿ ಬೇರೂರದ ನಿಯಮವು ಬಹುಕಾಲ ನಿಲ್ಲದೆಂಬುದಕ್ಕೆ ಇದೊಂದು ನಿದರ್ಶನವು.

ಕನ್ನಡಕ್ಕೂ ಇಂತಹುದೇ ಪ್ರಸಂಗವು ಒದಗಿತು. ೧೯೮೬ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ದೇಶಭಾಷೆಗಳಿಗೆಲ್ಲ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನು ಗೊತ್ತುಮಾಡಿತು. ಕನ್ನಡಿಗರಲ್ಲಿ ಹೆಚ್ಚಾಗಿ ರೂಢಿಗೆ ಬಂದುದಾದರೋ ಕೆ. ಪಿ. ರಾಯರ ಉಚ್ಚಾರಾನುಸಾರಿಯಾದ ವಿನ್ಯಾಸವೇ. ಕನ್ನಡ ಗಣಕ ಪರಿಷತ್ತಿನ ಮೂಲಕ ಪ್ರಚಾರಗೊಂಡು, ಅದು ರಾಜ್ಯಸರ್ಕಾರದ ಮನ್ನಣೆಯನ್ನೂ ಪಡೆಯಿತು. ಲಿನಕ್ಸಿನಲ್ಲಿ ಈ ಎರಡು ಕೀಲಿಮಣೆಗಳೂ ದೊರೆಯುವುವು. ಇಷ್ಟವಾದುದನ್ನು ಆರಿಸಿಕೊಂಡರೆ ಯಾರಿಗೂ ಬಾಧಕವಿಲ್ಲ.

ಬಾಧಕವಿದ್ದುದು ಅಕ್ಷರಗಳ ಒಳಸಂಕೇತದಲ್ಲಿ. ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳು ತಮ್ಮ ತಮ್ಮ ಅಕ್ಷರಮಾಲೆಗಳಿಗೆ ತಮಗೆ ತೋರಿದ ಸಂಖ್ಯೆಗಳನ್ನು ಕೊಟ್ಟಿದ್ದುವು. ಹಿರಿಯೂರಿನಲ್ಲಿ ಜೋಡಿಸಿದ ಬರಹವನ್ನು, ಅದೇ ಅಕ್ಷರಮಾಲೆಯಿಲ್ಲದ ಹೊಸದುರ್ಗದ ಯಂತ್ರದಲ್ಲಿ ತೆರೆದರೆ, ಕನ್ನಡದ ಬದಲು ರೋಮನಕ್ಷರಗಳ ಕಲಸುಮೇಲೋಗರವೇ ಕಾಣುವುದು. ೧೯೯೧ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳು ಮೀಸಲಾದುವು. 'ಕ'ಕಾರಕ್ಕೆ ಲೋಕದಲ್ಲೆಲ್ಲ ಒಂದೇ ಸಂಖ್ಯೆಯಾಯಿತು. ಆದರೂ ಹಳೆಯ ಸಂಕೇತಗಳು ಮುದ್ರಣಾಲಯಗಳಲ್ಲಿ ಬಹುಕಾಲ ಉಳಿದುವು.

ಏಕರೂಪವೆಂದರೆ ದಾಸ್ಯವೆಂದು ಕೆಲವರೂ, ವೈವಿಧ್ಯವೆಂದರೆ ಅರಾಜಕವೆಂದು ಕೆಲವರೂ ವಾದಿಸುವರು. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನನ್ನು ಕಂಡವರಿಗೆ ಇದರ ಪರಿಹಾರವು ಕಷ್ಟವಲ್ಲ. ಅಲ್ಲಿ ಕೂಡುವ ಹಳಿಗಳ ಅಂತರವು ಒಂದೇ ಆಗಿರದಿದ್ದರೆ ಬಂಡಿಯು ಮುಂದಕ್ಕೆ ಸಾಗದು. ಆದರೆ ಬಂಡಿಯೊಳಗಿರುವುದು ಅಡಿಕೆಯೋ ಅದಿರೋ ಎಂಬುದನ್ನು ಹಳಿಯು ನಿರ್ಣಯಿಸದು. ಅದರಂತೆಯೇ ಒಳಸಂಕೇತವು ಒಂದಾಗಿರಲಿ. ಕೀಲಿಮಣೆ, ಅಕ್ಷರದ ಅಂದ, ಯಂತ್ರದ ತಂತ್ರಾಂಶ ಇವು ಬಳಸುವವನ ಇಷ್ಟಕ್ಕೆ ಬಿಟ್ಟಿರಲಿ.

ಈ ವಿವೇಚನೆಯು ಕೇವಲ ಪಂಡಿತರ ವಿನೋದವಲ್ಲ. ಸಂಘಗಳ ನಡವಳಿ, ಸ್ಥಳಪುರಾಣ, ವಂಶಾವಳಿ, ಸ್ಮರಣಸಂಚಿಕೆ ಇವೇ ಮೊದಲಾದುವು ಹಳೆಯ ಸಂಕೇತಗಳಲ್ಲಿಯೇ ಉಳಿದಿದ್ದರೆ, ಆ ತಂತ್ರಾಂಶಗಳು ನಿಂತೊಡನೆ ಮೂಕವಾಗುವುವು. ಬ್ರಾಹ್ಮಿಯನ್ನು ಓದಬಲ್ಲವರು ಇಲ್ಲವಾದ ಮೇಲೆ ಅದನ್ನು ಮರಳಿ ಓದಲು ೧೮೩೭ರ ಪ್ರಿನ್ಸೆಪ್ಪನವರೆಗೂ ಲೋಕವು ಕಾಯಬೇಕಾಯಿತು. ಪರಿವರ್ತಕ ತಂತ್ರಾಂಶಗಳು ಇನ್ನೂ ದೊರೆಯುತ್ತಿರುವಾಗಲೇ ಅಂತಹ ಬರಹಗಳನ್ನು ಯೂನಿಕೋಡಿಗೆ ತಂದಿಡುವುದು ಪ್ರತಿ ಸಂಘದ, ಪ್ರತಿ ಮನೆಯ ಕರ್ತವ್ಯವಾಗಿದೆ.