ಹ್ಯಾಂಡಲ್ ಹೊಡೆದ ಕೈಗಳು

ಇಂದಿನ ಮಕ್ಕಳಿಗೆ ಎಂಜಿನ್ ಎಂದರೆ ಗುಂಡಿ ಒತ್ತಿದೊಡನೆ ಗುರುಗುಟ್ಟುವ ವಸ್ತು. ಆದರೆ ಎಂಜಿನ್ ಎಂದೂ ತಾನಾಗಿ ಏಳುವುದಿಲ್ಲ. ಯಾರಾದರೂ ಅದರ ಮೊದಲ ಸುತ್ತನ್ನು ತಿರುಗಿಸಿ ಎಬ್ಬಿಸಬೇಕು. ಬಹುಕಾಲ ಈ ಕೆಲಸ ಮಾಡಿದ್ದು ಮನುಷ್ಯನ ಬರಿಗೈ. ಬೆಳಗಾವಿ, ಧಾರವಾಡ, ವಿಜಾಪುರಗಳ ಕಡೆಯಿಂದ ಬಂದ ನಮ್ಮ ಹಿರಿಯರಲ್ಲಿ ಹೊಲದ ಬಾವಿಯ ಆಯಿಲ್ ಎಂಜಿನ್ನಿಗೆ ಹ್ಯಾಂಡಲ್ ಹೊಡೆದವರು ಇನ್ನೂ ಇದ್ದಾರೆ. ಘಟ್ಟದ ಕೆಳಗಿನವರಲ್ಲಿ, ಲಾರಿಯ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ಏದುಸಿರು ಬಿಡುತ್ತಿದ್ದ ಕ್ಲೀನರನನ್ನು ಕಂಡವರು ಅನೇಕರು.

ಈ ಹಳೆಯ ಸಂಗತಿಯನ್ನು ಈಗ ನೆನೆಯಲು ಕಾರಣವಿದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಬೆಳೆದ ನಮ್ಮ ಮಕ್ಕಳು ಇಂಜಿನಿಯರಿಂಗ್ ಕಾಲೇಜು ಸೇರಿ, ಅಲ್ಲಿ ಮಾದರಿ ವಿಮಾನಗಳ ಹವ್ಯಾಸ ಹಿಡಿಯುತ್ತಾರೆ. ಚಿಕ್ಕ ಮಾದರಿಗಳು ಈಗ ಹೆಚ್ಚಾಗಿ ಬ್ಯಾಟರಿಯಿಂದಲೇ ಹಾರುತ್ತವೆ. ಆದರೆ ಆಳೆತ್ತರದ ರೆಕ್ಕೆಯ ದೊಡ್ಡ ಮಾದರಿಗೆ 50 ಸಿ.ಸಿ. ಅಥವಾ ಅದಕ್ಕೂ ದೊಡ್ಡ ಪೆಟ್ರೋಲ್ ಎಂಜಿನ್ ಇರುತ್ತದೆ. ಹಗುರಾಗಿರಲೆಂದು ಬಹಳಷ್ಟರಲ್ಲಿ ಸ್ಟಾರ್ಟರ್ ಇರುವುದಿಲ್ಲ. ಪ್ರೊಪೆಲರಿನ ಅಲಗನ್ನು ಕೈಯಿಂದಲೇ ಹೊಡೆದು ಚಾಲೂ ಮಾಡಬೇಕು. ಹೀಗೆ, ಅಜ್ಜನ ಕಾಲಕ್ಕೆ ಮುಗಿಯಿತೆಂದುಕೊಂಡ ವಿದ್ಯೆ ಮೊಮ್ಮಗನ ಕೈಗೆ ಮರಳಿ ಬಂದಿದೆ. ವಿದ್ಯೆಯೇನೋ ಬಂತು, ಅದರ ಜೊತೆಗಿದ್ದ ಕಟ್ಟುಪಾಡುಗಳು ಬಂದಿವೆಯೇ? ಇದು ವಿಚಾರಿಸತಕ್ಕ ಪ್ರಶ್ನೆ.

ನಾನು ವಿಮಾನ ತಜ್ಞನಲ್ಲ, ಕೇಂದ್ರ ಸರ್ಕಾರದ ಕಚೇರಿಯೊಂದರ ಗುಮಾಸ್ತ. ಬಿ.ಎಸ್‌ಸಿ.ಯಲ್ಲಿ ಓದಿದ ಭೌತಶಾಸ್ತ್ರವೇ ನನ್ನ ಬಂಡವಾಳ. ಆದರೆ ಈ ವಿಷಯಕ್ಕೆ ಅಷ್ಟು ಸಾಕು.

ಎಂಜಿನ್ ಒದೆಯುವುದೇಕೆ?

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಕಿಡಿ ಹಾರಿ ಮಿಶ್ರಣ ಉರಿಯುತ್ತದೆ. ಪಿಸ್ಟನ್ ಕೆಳಕ್ಕೆ ತಳ್ಳಲ್ಪಡುತ್ತದೆ. ಉರಿಯಲು ಸ್ವಲ್ಪ ಹೊತ್ತು ಬೇಕಾದ್ದರಿಂದ, ವೇಗವಾಗಿ ಓಡುವ ಎಂಜಿನ್ನಿನಲ್ಲಿ ಪಿಸ್ಟನ್ ತುದಿ ಮುಟ್ಟುವುದಕ್ಕೆ ತುಸು ಮೊದಲೇ ಕಿಡಿ ಹಾರಬೇಕು. ಕೈಯಿಂದ ನಿಧಾನವಾಗಿ ತಿರುಗಿಸುವಾಗ ಇದೇ ಅನಾಹುತಕ್ಕೆ ಮೂಲ. ಪಿಸ್ಟನ್ ಇನ್ನೂ ಏರುತ್ತಿರುವಾಗಲೇ ಮಿಶ್ರಣ ಪೂರ್ತಿ ಉರಿದು ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ ಉಲ್ಟಾ ತಿರುಗಿ ಕೈಯನ್ನು ಒದೆಯುತ್ತದೆ.

ಹಳೆಯ ಮೋಟಾರುಗಳಲ್ಲಿ ಈ ಒದೆತಕ್ಕೆ ಎಷ್ಟು ಮಣಿಕಟ್ಟುಗಳು ಮುರಿದವೆಂದರೆ, ಅಲ್ಲಿನ ಒಂದು ಬಗೆಯ ಮೂಳೆಮುರಿತವನ್ನು ಡಾಕ್ಟರರು ಇಂದಿಗೂ 'ಶೋಫರ್ ಫ್ರ್ಯಾಕ್ಚರ್' ಎಂದೇ ಕರೆಯುತ್ತಾರೆ. ಚಾಲಕನ ಉದ್ಯೋಗವೇ ಆ ಗಾಯಕ್ಕೆ ಹೆಸರಾಯಿತು! ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಕಾರಿನ ಸ್ಟಿಯರಿಂಗಿನ ಬಳಿ ಕಿಡಿಯನ್ನು ತಡವಾಗಿಸುವ ಸನ್ನೆಯೊಂದಿತ್ತು. ಹ್ಯಾಂಡಲ್ ಹೊಡೆಯುವ ಮೊದಲು ಅದನ್ನು ಸರಿಸಲು ಮರೆತವನಿಗೆ ಕೈಮುರಿತ ಕಾದಿರುತ್ತಿತ್ತು. 1912ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಕಾರಿನವರ ಕಷ್ಟ ಕ್ರಮೇಣ ತೀರಿತು.

ನಮ್ಮ ಹೊಲಗಳಲ್ಲಿ ಮಾತ್ರ ಹ್ಯಾಂಡಲ್ ಬಹಳ ಕಾಲ ಉಳಿಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ ಪರಿವಾರದಿಂದ 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಹುಟ್ಟಿತು. ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ, ಒತ್ತಡದ ಕಾವಿನಿಂದಲೇ ಅದು ಉರಿಯುತ್ತದೆ. ಅಂಥ ಒತ್ತಡದ ಎದುರು ಕೈಯಿಂದ ತಿರುಗಿಸುವುದು ಸುಲಭವಲ್ಲ. ಅದಕ್ಕಾಗಿ ಡಿಕಂಪ್ರೆಷನ್ ಲಿವರ್ ಇಟ್ಟರು. ಲಿವರ್ ಎತ್ತಿದರೆ ವಾಲ್ವ್ ತೆರೆದಿದ್ದು ಎಂಜಿನ್ ಹಗುರಾಗಿ ತಿರುಗುತ್ತದೆ. ಫ್ಲೈವ್ಹೀಲಿಗೆ ಸಾಕಷ್ಟು ವೇಗ ಬಂದೊಡನೆ ಲಿವರ್ ಇಳಿಸಿದರೆ 'ಡಬ್ ಡಬ್' ಎಂದು ಹೊತ್ತಿಕೊಳ್ಳುತ್ತದೆ. ಪಳಗಿದವರು ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯುತ್ತಿರಲಿಲ್ಲ, ಉಳಿದ ನಾಲ್ಕು ಬೆರಳುಗಳ ಸಾಲಿನಲ್ಲೇ ಇಡುತ್ತಿದ್ದರು. ಎಂಜಿನ್ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗಲಿ, ಹೆಬ್ಬೆರಳು ಉಳಿಯಲಿ ಎಂದು.

ವಿಮಾನದ ಮುಂದೆ ಇಬ್ಬರು

ವಿಮಾನದ ಪ್ರೊಪೆಲರ್ ಹ್ಯಾಂಡಲಿಗಿಂತ ಕಠಿಣವಾದದ್ದು. ಎಂಜಿನ್ ಹೊತ್ತಿಕೊಂಡರೆ ಹ್ಯಾಂಡಲ್ ಕಳಚಿಕೊಳ್ಳುತ್ತದೆ, ಪ್ರೊಪೆಲರ್ ಕಳಚುವುದಿಲ್ಲ. ಮುಂದಿನ ಅಲಗು ಅದೇ ಜಾಗಕ್ಕೆ ಬಂದೇ ಬರುತ್ತದೆ. ಮೊದಲನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ವೈಮಾನಿಕ ಬೆಂಟ್‌ಫೀಲ್ಡ್ ಹಕ್ಸ್, ಫೋರ್ಡ್ ಮೋಟಾರಿನ ಮೇಲೆ ಉದ್ದನೆಯ ದಂಡ ಕೂರಿಸಿ, ಅದರಿಂದ ಪ್ರೊಪೆಲರನ್ನು ತಿರುಗಿಸುವ ಉಪಾಯ ಕಂಡುಹಿಡಿದ. ಅದು ದೊಡ್ಡ ವಾಯುನೆಲೆಗಳ ಸೌಕರ್ಯ. ಫ್ಲೈಯಿಂಗ್ ಕ್ಲಬ್ಬುಗಳ ಸಣ್ಣ ವಿಮಾನಗಳಿಗೆ ಕೈಯೇ ಗತಿಯಾಗಿತ್ತು.

ನಮ್ಮ ಜುಹೂ ಮೈದಾನದಲ್ಲಿ ಬಾಂಬೆ ಫ್ಲೈಯಿಂಗ್ ಕ್ಲಬ್ 1928ರಲ್ಲಿ ಆರಂಭವಾಯಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಟಪಾಲು ಹೊತ್ತು ಬಂದಿಳಿದದ್ದು ಅಲ್ಲಿಯೇ, ಪಸ್ ಮಾತ್ ವಿಮಾನದಲ್ಲಿ. ಅದೇ ಮನೆತನದ ಟೈಗರ್ ಮಾತ್ ವಿಮಾನದಲ್ಲಿ ನಮ್ಮ ದೇಶದ ಎಷ್ಟೋ ವೈಮಾನಿಕರು ಪಳಗಿದರು. ಒಬ್ಬ ಕಾಕ್‌ಪಿಟ್ಟಿನಲ್ಲಿ ಸ್ವಿಚ್ಚಿನ ಬಳಿ, ಇನ್ನೊಬ್ಬ ನೆಲದ ಮೇಲೆ ಪ್ರೊಪೆಲರಿನ ಬಳಿ. ನೆಲದವನು 'ಸ್ವಿಚ್ ಆಫ್' ಎಂದು ಕೂಗಬೇಕು, ಒಳಗಿನವನು ಸ್ವಿಚ್ ನೋಡಿ ಅದೇ ಮಾತನ್ನು ತಿರುಗಿ ಹೇಳಬೇಕು. ಪೆಟ್ರೋಲು ಎಳೆದುಕೊಳ್ಳಲು ನಾಲ್ಕು ಸುತ್ತು ತಿರುಗಿಸಿದ ಮೇಲೆ ನೆಲದವನು 'ಕಾಂಟ್ಯಾಕ್ಟ್' ಎನ್ನಬೇಕು. ಒಳಗಿನವನು 'ಕಾಂಟ್ಯಾಕ್ಟ್' ಎಂದು ಉತ್ತರಿಸಿ ಸ್ವಿಚ್ ಹಾಕಿದ ಮೇಲೆಯೇ ಕೊನೆಯ ಹೊಡೆತ. ಹೊಡೆಯುವವನು ಮುಂದಕ್ಕೆ ಬಾಗುವಂತಿಲ್ಲ. ಅಲಗನ್ನು ಎಳೆದ ರಭಸದಲ್ಲೇ ಅವನ ಮೈ ಹಿಂದಕ್ಕೆ ಸರಿಯುವಂತೆ ಹೆಜ್ಜೆ ಇಡಬೇಕು.

ನಮ್ಮ ಕಚೇರಿಗಳಲ್ಲಿ ಬಿಲ್ಲು ತಯಾರಿಸಿದವನೇ ಅದನ್ನು ಮಂಜೂರು ಮಾಡುವಂತಿಲ್ಲ. ಅವನು ಕಳ್ಳನೆಂದಲ್ಲ; ಒಬ್ಬನ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬನ ಕಣ್ಣಿಗೆ ಬೀಳಲಿ ಎಂದು. 'ಕಾಂಟ್ಯಾಕ್ಟ್' ಎಂಬ ಕೂಗು ಕೂಡ ಅಂಥ ಎರಡನೆಯ ಸಹಿಯೇ.

ಇಷ್ಟಾದರೂ ಸ್ವಿಚ್ಚನ್ನು ಪೂರ್ತಿ ನಂಬುವಂತಿರಲಿಲ್ಲ. ಆ ಎಂಜಿನ್ನುಗಳ ಕಿಡಿ ಮ್ಯಾಗ್ನೆಟೊದಿಂದ ಬರುತ್ತದೆ, ಅದಕ್ಕೆ ಬ್ಯಾಟರಿ ಬೇಡ. ಸ್ವಿಚ್ ಆಫ್ ಮಾಡುವುದೆಂದರೆ ಒಂದು ತಂತಿಯ ಮೂಲಕ ಅದನ್ನು ಅರ್ಥ್ ಮಾಡುವುದು. ಆ ತಂತಿ ಒಳಗೆಲ್ಲೋ ತುಂಡಾಗಿದ್ದರೆ, ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೊ ಜೀವಂತವಾಗಿರುತ್ತದೆ. ಆದುದರಿಂದಲೇ, ನಿಂತ ಪ್ರೊಪೆಲರನ್ನೂ ತಿರುಗುವ ಪ್ರೊಪೆಲರಿನಂತೆಯೇ ಕಾಣಬೇಕು ಎಂಬ ಪಾಠ ಹುಟ್ಟಿತು.

ಈ ಪರಂಪರೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಕಾರದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. ಆಗ ಸರ್ ಮಿರ್ಜಾ ಇಸ್ಮಾಯಿಲರು ಮೈಸೂರಿನ ದಿವಾನರು. 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದವರೂ ಇವರೇ. ಕುರ್ಲಾದ ಆ ಕಂಪನಿಯ ಕಾರ್ಖಾನೆಯೊಂದು ನಮ್ಮ ಡೊಂಬಿವಲಿಯಲ್ಲೂ ಇತ್ತೆಂಬುದು ಇಲ್ಲಿನ ಹಿರಿಯರಿಗೆ ಗೊತ್ತು. ಬೆಂಗಳೂರಿನ ಕಾರ್ಖಾನೆಯಲ್ಲಿ ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ತರಬೇತಿ ವಿಮಾನ ಎಚ್.ಟಿ.-2, 1951ರಲ್ಲಿ ಹಾರಿತು. 1958ರಲ್ಲಿ 90 ಅಶ್ವಶಕ್ತಿಯ ಪುಟ್ಟ 'ಪುಷ್ಪಕ್' ಬಂತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹಂಚಿಹೋದ ಈ ಪುಷ್ಪಕವನ್ನು ಎಬ್ಬಿಸಲು ಪ್ರೊಪೆಲರನ್ನು ಕೈಯಿಂದಲೇ ಎಳೆಯಬೇಕಾಗಿತ್ತು.

ಮಾದರಿಯೆಂದರೆ ಆಟಿಕೆಯಲ್ಲ

ಮಾದರಿ ವಿಮಾನಕ್ಕೆ ಪೆಟ್ರೋಲ್ ಎಂಜಿನ್ ಕೂರಿಸುವುದು 1930ರ ದಶಕದಲ್ಲೇ ಅಮೆರಿಕದಲ್ಲಿ ಜನಪ್ರಿಯವಾಯಿತು. 'ಬ್ರೌನ್ ಜೂನಿಯರ್' ಎಂಬ ಸುಮಾರು 10 ಸಿ.ಸಿ.ಯ ಎಂಜಿನ್ ಅಂಗಡಿಗಳಿಗೂ ಬಂತು. 1947ರಲ್ಲಿ ರೇ ಆರ್ಡನ್ ತಂದ ಗ್ಲೋ ಪ್ಲಗ್ಗಿನಿಂದ ಕಿಡಿಯ ಸಲಕರಣೆಯೇ ಬೇಡವಾಗಿ, ಚಿಕ್ಕ ಎಂಜಿನ್ನುಗಳ ಕಾಲ ಬಂತು. ಮುಂದೆ ಮರ ಕೊಯ್ಯುವ ಯಂತ್ರದ ಜಾತಿಯ ಎಂಜಿನ್ನುಗಳನ್ನು ಹವ್ಯಾಸಿಗಳು ಮಾದರಿಗಳಿಗೆ ಅಳವಡಿಸಿದಾಗ ದೊಡ್ಡ ಮಾದರಿಗಳ ಯುಗ ಆರಂಭವಾಯಿತು.

ಇಲ್ಲೊಂದು ಸಣ್ಣ ಲೆಕ್ಕ. 50 ಸಿ.ಸಿ. ಎಂಜಿನ್ನಿಗೆ 22 ಇಂಚಿನ ಪ್ರೊಪೆಲರ್ ಎಂದಿಟ್ಟುಕೊಳ್ಳೋಣ. ಎಂಜಿನ್ ತೀರ ಮಂದವಾಗಿ, ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೂ ಅಲಗಿನ ತುದಿಯ ವೇಗ ಗಂಟೆಗೆ ಸುಮಾರು 158 ಕಿಲೋಮೀಟರ್. ಡೊಂಬಿವಲಿಯಲ್ಲಿ ನಿಲ್ಲದೆ ಹಾಯ್ದುಹೋಗುವ ಮೇಲ್ ಗಾಡಿಗೂ ಅಷ್ಟು ವೇಗವಿಲ್ಲ. 7000 ಸುತ್ತಿಗೇರಿದರೆ ಅದು 737 ಕಿಲೋಮೀಟರ್. ಮಂದಗತಿಯಲ್ಲೂ ಸೆಕೆಂಡಿಗೆ 50 ಸಲ ಅಲಗು ಒಂದೇ ಜಾಗಕ್ಕೆ ಬರುತ್ತದೆ. ಮನುಷ್ಯ ಬೆಚ್ಚಿ ಕೈ ಹಿಂತೆಗೆಯಲು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಅಷ್ಟರಲ್ಲಿ ಹತ್ತು ಅಲಗುಗಳು ಹಾದುಹೋಗಿರುತ್ತವೆ. 'ನನ್ನ ಕೈ ಚುರುಕು' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಹಳೆಯ ಮ್ಯಾಗ್ನೆಟೊ ಬಲವಾದ ಕಿಡಿ ಕೊಡಲು ರಭಸದ ತಿರುವು ಬೇಕಿತ್ತು. ಇಂದಿನ ಮಾದರಿ ಎಂಜಿನ್ನಿನ ಬ್ಯಾಟರಿ ಇಗ್ನಿಷನ್ನಿಗೆ ಅದೂ ಬೇಡ. ಚಕ್ರದ ಮೇಲಿನ ಪುಟ್ಟ ಅಯಸ್ಕಾಂತ ಸೆನ್ಸರಿನ ಮುಂದೆ ನಿಧಾನವಾಗಿ ಹಾದರೂ ಕಿಡಿ ಹಾರಬಹುದು. ನಿಧಾನಗತಿಯಲ್ಲಿ ಕಿಡಿಯನ್ನು ತಡವಾಗಿಸುವ ಏರ್ಪಾಡು ಇವುಗಳಲ್ಲಿರುವುದರಿಂದ ಒದೆತ ಕಡಿಮೆಯಾಗಿದೆ, ನಿಜ. ಆದರೆ ಇಗ್ನಿಷನ್ ಹಾಕಿದ ಮೇಲೆ ಪ್ರೊಪೆಲರನ್ನು ಸುಮ್ಮನೆ ಸರಿಸಿ ನೋಡುವುದು ಹಾವಿನ ಹೆಡೆ ಸವರಿದಂತೆಯೇ ಸರಿ.

ಆದುದರಿಂದ ಹಿಂದಿನವರ ಕಟ್ಟುಪಾಡುಗಳೇ ಇಲ್ಲಿಗೂ ಸಲ್ಲುತ್ತವೆ. ಒಬ್ಬನೇ ಈ ಕೆಲಸಕ್ಕೆ ಹೋಗಬಾರದು. ಇನ್ನೊಬ್ಬ ಮಾದರಿಯನ್ನು ಹಿಂದಿನಿಂದ ಭದ್ರವಾಗಿ ಹಿಡಿಯಬೇಕು. ಬಾಲವನ್ನು ಗೂಟಕ್ಕೆ ಕಟ್ಟಿದರೆ ಇನ್ನೂ ಒಳ್ಳೆಯದು. ಬಿರುಕು ಬಿಟ್ಟ ಅಲಗನ್ನು ಅಂಟಿಸಿ ಬಳಸದೆ ಎಸೆದುಬಿಡಬೇಕು. ಮೊದಲು ಇಗ್ನಿಷನ್ ಆಫ್ ಇಟ್ಟು, ಚೋಕ್ ಮುಚ್ಚಿ, ನಳಿಗೆಯಲ್ಲಿ ಪೆಟ್ರೋಲು ಬರುವ ತನಕ ತಿರುಗಿಸಬೇಕು. ಆಮೇಲೆ ಥ್ರಾಟಲ್ ಮಂದಗತಿಯಲ್ಲಿದೆಯೇ ಎಂದು ನೋಡಿ, ಇಗ್ನಿಷನ್ ಹಾಕಿ, ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡ ಮೇಲೆಯೇ ಹೊಡೆತ. ಕೈಗೆ ದಪ್ಪ ಚರ್ಮದ ಗ್ಲೋವ್ಸ್ ಇರಲಿ, ಇಲ್ಲವೇ ರಬ್ಬರ್ ಹೊದಿಸಿದ ಕೋಲು ಬಳಸಲಿ. ಅಲಗಿನ ಸುತ್ತ ಬೆರಳು ಮಡಚಬಾರದು. ಹೊಡೆದ ಕೈ ಆ ರಭಸದಲ್ಲೇ ಪ್ರೊಪೆಲರಿನ ಸುತ್ತಳತೆಯಿಂದ ಆಚೆ ಹೋಗಬೇಕು. 'ಪಟ್' ಎಂದು ಒಮ್ಮೆ ಸದ್ದು ಬಂದೊಡನೆ, ಮೊದಲು ಇಗ್ನಿಷನ್ ಆಫ್ ಮಾಡಿ ಆಮೇಲೆ ಚೋಕ್ ತೆರೆದು, ಮತ್ತೆ ಮೊದಲಿನಂತೆಯೇ ಹೇಳಿಕೊಂಡು ಹೊಡೆಯಬೇಕು. ಚಾಲೂ ಆದ ಮೇಲೆ ಹೊಂದಾಣಿಕೆಯೆಲ್ಲ ಹಿಂದಿನಿಂದಲೇ. ನೋಡುವವರು ಪ್ರೊಪೆಲರಿನ ಎದುರಿಗಾಗಲೀ ಅದರ ನೇರ ಪಕ್ಕಕ್ಕಾಗಲೀ ನಿಲ್ಲಬಾರದು. ದುಪಟ್ಟಾ, ಸಡಿಲ ತೋಳು, ಕೊರಳಿನಲ್ಲಿ ನೇತಾಡುವ ಕಾಲೇಜಿನ ಐಡೆಂಟಿಟಿ ಕಾರ್ಡು ಇವೆಲ್ಲ ದೂರವಿರಲಿ. ಕೊಳ್ಳುವ ಶಕ್ತಿಯಿದ್ದವರು ಸ್ಟಾರ್ಟರ್ ಇರುವ ಎಂಜಿನ್ನನ್ನೇ ಕೊಂಡರೆ ಅದರಲ್ಲಿ ಅವಮಾನವೇನೂ ಇಲ್ಲ.

ಹಾರಿಸುವ ಸ್ಥಳದ ಬಗೆಗೂ ಎರಡು ಮಾತು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಸಂಬಂಧಿಸಿವೆ. ಓದು, ಪ್ರಯೋಗ, ಹವ್ಯಾಸಗಳಿಗಾಗಿ, ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋಗ್ರಾಂ ಮೀರದ ಮಾದರಿಗಳನ್ನು ಅವು ಪ್ರತ್ಯೇಕವಾಗಿ ಹೆಸರಿಸಿವೆ. ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರಿನೊಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 2025ರ ಡಿಸೆಂಬರಿನಿಂದ ನವಿ ಮುಂಬಯಿ ವಿಮಾನ ನಿಲ್ದಾಣ ಕೆಲಸ ಆರಂಭಿಸಿರುವುದರಿಂದ ಉಲ್ವೆ, ಪನವೇಲ್ ಕಡೆಯ ಬಯಲುಗಳ ಮಾತು ಬೇರೆಯಾಗಿದೆ. ಕಲ್ಯಾಣದ ಬಳಿಯ ನೇವಾಳಿಯಲ್ಲಿ ಎರಡನೆಯ ಮಹಾಯುದ್ಧದ ಕಾಲದ ಹಳೆಯ ವಿಮಾನಪಟ್ಟಿ ಇದೆಯೆಂದು ಅಲ್ಲಿಗೆ ಹೊರಡುವುದೂ ಸಲ್ಲದು. ಆ ಜಮೀನಿನ ವಿಷಯವಾಗಿ ರೈತರ ಆಂದೋಲನ 2017ರ ಜೂನಿನಲ್ಲಿ ಎಷ್ಟು ಉಗ್ರವಾಗಿತ್ತೆಂಬುದು ನಮಗೆಲ್ಲ ನೆನಪಿದೆ.

ಮಕ್ಕಳ ಹವ್ಯಾಸವನ್ನು ಹೆದರಿಸಿ ನಿಲ್ಲಿಸಬೇಕೆಂಬುದು ಈ ಲೇಖನದ ಉದ್ದೇಶವಲ್ಲ. ಸ್ವಂತ ಕೈಯಿಂದ ಎಂಜಿನ್ ಎಬ್ಬಿಸಿದ ಹುಡುಗನಿಗೆ ಯಂತ್ರ ಅರ್ಥವಾಗುವಂತೆ ಪುಸ್ತಕ ಓದಿದವನಿಗೆ ಆಗಲಾರದು. ಆದರೆ ಸ್ಟಾರ್ಟರ್ ಬಂದ ಮೇಲೆ ಜನ ಹ್ಯಾಂಡಲನ್ನು ಮರೆತರು. ಅದರೊಡನೆ, ಮುರಿದ ಕೈಗಳು ಕಲಿಸಿದ ಪಾಠವನ್ನೂ ಮರೆತರು. ಆ ಪಾಠವನ್ನು ಮತ್ತೆ ಬೆರಳು ಕಳೆದುಕೊಂಡೇ ಕಲಿಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಇಂಥ ಹವ್ಯಾಸದ ಮಗನೋ ಮಗಳೋ ಇದ್ದರೆ, ಹೆಬ್ಬೆರಳನ್ನು ಏಕೆ ಸುತ್ತಿ ಹಿಡಿಯಬಾರದೆಂದು ಊರಿನ ಅಜ್ಜನಿಂದಲೇ ಹೇಳಿಸಿರಿ. ಮಕ್ಕಳಿಗೆ ಅದು ನಾಟುತ್ತದೆ. ಅಜ್ಜನಿಗೂ ಸಂತೋಷವಾದೀತು.